ಮೂರನೆಯ ಸೀಟು

"ಒಂದೂ ಇಲ್ಲ," ಎಂದಳು ವಿಮಾನದ ಗೇಟಿನ ಮೇಡಂ, ಕಂಪ್ಯೂಟರಿನಿಂದ ಕಣ್ಣು ಕೀಳದೆ. "ಎಲ್ಲಾ ಸೀಟೂ ಭರ್ತಿ. ನಿಮ್ಮ ಹಿಂದೆ ಇನ್ನೂ ಮೂರು ಜನ ಸ್ಟಾಫ್ ಕಾಯ್ತಾ ಇದಾರೆ."

"ಇನ್ನೊಂದ್ಸಲ ನೋಡಿ ಮೇಡಂ."

"ಹತ್ತು ಸಲ ನೋಡಿದ್ರೆ ಸೀಟು ಮರಿ ಹಾಕುತ್ತಾ?"

ಬೇರೆ ದಿನವಾಗಿದ್ದರೆ ಮೆಕ್ಯಾನಿಕ್ ಈ ಮಾತಿಗೆ ತಿರುಗಿ ನಾಲ್ಕು ಮಾತು ಆಡುತ್ತಿದ್ದ. ಇಪ್ಪತ್ತಾರು ವರ್ಷ ವಿಮಾನಗಳ ಹೊಟ್ಟೆಯ ಕೆಳಗೆ ಕೆಲಸ ಮಾಡಿದ ಮನುಷ್ಯ ಅವನು. ಅವನ ಪಾಳಿಯಲ್ಲಿ ಅವನು ಸಹಿ ಹಾಕದೆ ಒಂದು ವಿಮಾನವೂ ನೆಲ ಬಿಡುವಂತಿರಲಿಲ್ಲ. ಹೆಸರು ಹಿಡಿದು ಅವನನ್ನು ಯಾರೂ ಕರೆಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅವನು ಮಿಲಿಮೀಟರ್. ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಅಳತೆ ಗೇಜು. ಟೈರಿನ ಸೀಳು, ಬ್ರೇಕಿನ ಸವೆತ, ಲೋಹದ ತಗ್ಗು, ಏನಿದ್ದರೂ ಅದನ್ನು ಊರಿ ಅಳೆಯಬೇಕು, ಪುಸ್ತಕದಲ್ಲಿರುವ ಮಿತಿಗೆ ಕೂದಲೆಳೆಯಷ್ಟು ಹೆಚ್ಚಿದ್ದರೂ ವಿಮಾನ ನಿಲ್ಲಿಸಬೇಕು. ನಿಲ್ಲಿಸುವಾಗ ಅವನ ಮುಖದಲ್ಲಿ ಒಂದು ಸಣ್ಣ ಸಂತೋಷ ಸುಳಿದುಹೋಗುತ್ತಿತ್ತು ಎಂದು ಆಗದವರು ಹೇಳುತ್ತಿದ್ದರು. ಆಗದವರು ಬಹಳ ಜನ ಇದ್ದರು ಅನ್ನಿ.

ಬೆಳಿಗ್ಗೆ ಹತ್ತಕ್ಕೆ ಅಕ್ಕನ ಮಗ ಫೋನ್ ಮಾಡಿದ್ದ. ಮೂರು ವರ್ಷದ ಮೇಲೆ ಮೊದಲ ಫೋನು.

"ಅಮ್ಮನ್ನ ನಾಲ್ಕು ಗಂಟೆಗೆ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗ್ತಾರೆ ಮಾಮ. ಡಾಕ್ಟರು ಏನೂ ಭರವಸೆ ಕೊಡ್ತಿಲ್ಲ. ಒಳಗೆ ಹೋದ್ಮೇಲೆ ಮಾತು ಇರುತ್ತೋ ಇಲ್ವೋ. ನಿಮ್ಮನ್ನ ನೋಡ್ಬೇಕಂತೆ. ಅದಕ್ಕೆ ಮಾಡಿದೆ, ಇಲ್ಲದಿದ್ರೆ ಮಾಡ್ತಿರ್ಲಿಲ್ಲ."

"ಬರ್ತೀನಿ ಕಣೋ. ಒಂದೈದು ನಿಮಿಷ ಆಚೆ ಈಚೆ ಆದ್ರೂ ಡಾಕ್ಟರಿಗೆ ಹೇಳು..."

"ಆಚೆ ಈಚೆ ಆಗಲ್ಲ. ನೀವೇ ಹೇಳಿದ್ರಲ್ಲ, ಒಂದು ಕಡಿಮೆ ಅಂದ್ರೂ ಕಡಿಮೆನೇ ಅಂತ."

ಆ ಮಾತು ಎಲ್ಲಿಂದ ಬಂತೆಂದು ಮಿಲಿಮೀಟರಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ವಿಮಾನ ದುರಸ್ತಿ ಮಾಡುವ ಹ್ಯಾಂಗರಿನ ಕೆಲಸದ ಪರೀಕ್ಷೆಗೆ ಇದೇ ಹುಡುಗ ಕುಳಿತಿದ್ದ, ಉತ್ತರಪತ್ರಿಕೆ ತಿದ್ದಿದವನು ಇದೇ ಮಾಮ. ಒಂದೇ ಒಂದು ಮಾರ್ಕು ಕಡಿಮೆ ಬಿತ್ತು. ಅಕ್ಕ ಬಂದು ಎದುರಿಗೆ ನಿಂತು ಕೇಳಿದಳು. ಅವನು ಕೊಡಲಿಲ್ಲ. "ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ ನಂಗೆ," ಎಂದು ಹೋದವಳು ಈಗ ನೋಡಬೇಕು ಅನ್ನುತ್ತಿದ್ದಾಳೆ.

ಅಮ್ಮ ಸತ್ತಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅವಳೇ. ಆರು ತಿಂಗಳಿಗೊಮ್ಮೆ ಅವನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಪೆನ್ಸಿಲಿನಲ್ಲಿ ಎತ್ತರದ ಗೆರೆ ಎಳೆಯುತ್ತಿದ್ದಳು. ಪ್ರತಿ ಸಲವೂ ಒಂದು ಬೆರಳು ಮೇಲಕ್ಕೇ ಎಳೆಯುತ್ತಿದ್ದಳು, ಹುಡುಗ ಖುಷಿಪಡಲಿ ಅಂತ. ಅದು ಅವನಿಗೆ ಗೊತ್ತಾದದ್ದು ದೊಡ್ಡವನಾಗಿ, ಕೈಗೆ ಟೇಪು ಬಂದ ಮೇಲೆ.

ವಿಮಾನ ಹನ್ನೆರಡೂ ನಲವತ್ತಕ್ಕೆ. ಒಂದೂಕಾಲು ಗಂಟೆ ಹಾರಾಟ, ಅಲ್ಲಿಂದ ಆಸ್ಪತ್ರೆಗೆ ಅರ್ಧ ಗಂಟೆ. ಎರಡೂವರೆಗೆಲ್ಲ ಅಕ್ಕನ ಹಾಸಿಗೆ ಪಕ್ಕ ಇರಬಹುದು. ಇದು ತಪ್ಪಿದರೆ ಮುಂದಿನದು ಸಂಜೆ ಆರಕ್ಕೆ. ರಸ್ತೆ ಹಿಡಿದರೆ ಹನ್ನೊಂದು ಗಂಟೆ ದಾರಿ.

"ಕಾಕ್‌ಪಿಟ್ ಸೀಟು?" ಎಂದ ಮೆಕ್ಯಾನಿಕ್.

ಮೇಡಂ ಮೊದಲ ಸಲ ತಲೆಯೆತ್ತಿದಳು. ಇಬ್ಬರು ಪೈಲಟ್‌ಗಳ ಬೆನ್ನ ಹಿಂದೆ ಮಡಚಿಟ್ಟ ಮೂರನೆಯ ಸೀಟೊಂದು ಇರುತ್ತದೆ. ತಪಾಸಣೆಗೆ ಬರುವವರು ಕೂರುವುದಕ್ಕೆ. ಖಾಲಿ ಇದ್ದರೆ ಲೈಸೆನ್ಸ್ ಇರುವ ಮೆಕ್ಯಾನಿಕ್ ಅದನ್ನು ಕೇಳಬಹುದು. ಆದರೆ ಚೀಟಿ ಕಳಿಸಿ ಕೇಳುವಂತಿಲ್ಲ, ಫೋನಿನಲ್ಲಿ ಕೇಳುವಂತಿಲ್ಲ. ತಾನೇ ಕಾಕ್‌ಪಿಟ್ ಬಾಗಿಲಲ್ಲಿ ನಿಂತು ಕ್ಯಾಪ್ಟನ್ನನ ಅಪ್ಪಣೆ ಬೇಡಬೇಕು. ಅವನು ಬೇಡ ಅಂದರೆ ಮುಗಿಯಿತು, ಕಾರಣ ಕೂಡ ಹೇಳಬೇಕಾಗಿಲ್ಲ ಅಂತ ನಿಯಮದಲ್ಲೇ ಇದೆ.

"ಅದು ಖಾಲಿ ಇದೆ," ಎಂದಳು ಅವಳು. "ಆದ್ರೆ ಇವತ್ತು ಮೀಸೆ ಕ್ಯಾಪ್ಟನ್."

ಮೆಕ್ಯಾನಿಕ್ ಕೌಂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಎಂಟು ತಿಂಗಳ ಹಿಂದೆ ಇದೇ ಮೀಸೆ ಕ್ಯಾಪ್ಟನ್ನನ ವಿಮಾನದ ಟೈರಿನಲ್ಲಿ ಒಂದು ಸೀಳು ಸಿಕ್ಕಿತ್ತು. ಮಿತಿ ಮೂರು ಮಿಲಿಮೀಟರ್. ಇವನು ಗೇಜು ಊರಿ ನೋಡಿ ಪುಸ್ತಕದಲ್ಲಿ ಮೂರೂಕಾಲು ಎಂದು ಬರೆದ. ಇಲ್ಲಿ ಆ ಅಳತೆಯ ಟೈರು ಇರಲಿಲ್ಲ. ಬೇರೆ ಊರಿಂದ ಬಂದು, ಹಾಕಿ, ವಿಮಾನ ಹೊರಡಲು ನಾಲ್ಕು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಕ್ಯಾಪ್ಟನ್ ಅವನ ಹಿಂದೆ ಹಿಂದೆ ತಿರುಗಿದ್ದ. "ಇನ್ನೊಂದ್ಸಲ ಅಳೆಯಯ್ಯಾ, ಅಮ್ಮ ಹಾಸಿಗೆ ಹಿಡಿದಿದಾಳೆ, ಈ ವಿಮಾನದಲ್ಲೇ ಮನೆಗೆ ಹೋಗ್ಬೇಕು." ಅದಕ್ಕೆ ಇವನು, "ಎಲ್ಲರ ಮನೇಲೂ ಒಬ್ಬ ಅಮ್ಮ ಇರ್ತಾಳೆ ಸಾರ್," ಅಂದಿದ್ದ. ಕ್ಯಾಂಟೀನಿನಲ್ಲಿ ಅದನ್ನು ಮೂರು ಸಲ ಹೇಳಿ ನಗಿಸಿಯೂ ಇದ್ದ. ಮುದುಕಿ ಆ ಮಧ್ಯಾಹ್ನವೇ ಹೋದಳೆಂದು ವಾರದ ಮೇಲೆ ಕಿವಿಗೆ ಬಿತ್ತು. ಅವತ್ತಿನಿಂದ ಆ ಮಾತು ಹೇಳುವುದನ್ನು ಬಿಟ್ಟ, ಅಷ್ಟೇ.

ಅಂಥವನ ಎದುರು ಈಗ ಕೈ ಮುಗಿದು ನಿಲ್ಲಬೇಕು. ನಿಂತರಾಯಿತು, ಅಕ್ಕನ ಮುಂದೆ ಇದ್ಯಾವ ಲೆಕ್ಕ? ಪಾಳಿಯನ್ನು ಜೊತೆಗಾರ ಬೊಜ್ಜಣ್ಣನಿಗೆ ಬಾಯಲ್ಲೇ ಒಪ್ಪಿಸಿ ವಿಮಾನದ ಬಾಗಿಲಿಗೆ ತಾಗಿಸಿದ ಸೇತುವೆ ದಾಟಿ ಒಳಗೆ ಹೋದ.

ಕಾಕ್‌ಪಿಟ್ ಬಾಗಿಲು ತೆರೆದಿತ್ತು. ಮೀಸೆ ಕ್ಯಾಪ್ಟನ್ ಎಡ ಸೀಟಿನಲ್ಲಿ ಕಾಗದ ಓದುತ್ತಿದ್ದ. ಬಲಕ್ಕೆ ಸಹಪೈಲಟ್, ಕಿರಿಯ ಹೆಂಗಸು.

"ಸಾರ್, ಮೂರನೇ ಸೀಟಿಗೆ ಅಪ್ಪಣೆ ಕೇಳೋಕೆ ಬಂದೆ. ನಮ್ಮಕ್ಕಂಗೆ ಸೀರಿಯಸ್ಸು. ನಾಲ್ಕಕ್ಕೆ ಆಪರೇಷನ್."

ಕ್ಯಾಪ್ಟನ್ ತಿರುಗಿ ನೋಡಿದ. ಬೈಗುಳ ಬರುತ್ತದೆಂದು ಇವನು ಕಾದಿದ್ದ. ಬಂದದ್ದು ನಗೆ.

"ಓಹೋ, ಬನ್ನಿ ಬನ್ನಿ. ಅಕ್ಕನಾ? ದೊಡ್ಡೋರಾ? ಪಾಪ. ಕಾರ್ಡ್ ತೋರಿಸಿ." ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಸರಿ ಇದೆ. ಬೂಟು ಸರಿ ಇದೆ. ಗಡ್ಡ?"

ಬೆಳಗಿನ ಐದರ ಪಾಳಿಗೆ ಬರುವ ದಿನ ಅವನು ಗಡ್ಡ ಹೆರೆಯುತ್ತಿರಲಿಲ್ಲ. ಕೈ ಗಲ್ಲಕ್ಕೆ ಹೋಯಿತು.

"ಗಡ್ಡ ಇದ್ರೆ ಆಮ್ಲಜನಕದ ಮಾಸ್ಕ್ ಸರಿಯಾಗಿ ಕೂರಲ್ಲ. ನಿಯಮ ನಿಮಗೆ ನಾನು ಹೇಳೋದಾ?" ಕ್ಯಾಪ್ಟನ್ ಧ್ವನಿ ಬೆಣ್ಣೆಯಂತಿತ್ತು. "ಎಷ್ಟಿದೆ?"

"ಸಾರ್?"

"ಎಷ್ಟಿದೆ ಅಂದೆ. ಜೇಬಲ್ಲಿ ಗೇಜ್ ಇರುತ್ತಲ್ಲ. ತೆಗೀರಿ, ಅಳೀರಿ."

ಸಹಪೈಲಟ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಿಲಿಮೀಟರ್ ಗೇಜು ತೆಗೆದ. ಸಾವಿರ ಟೈರು ನೋಡಿದ ಆ ಉಕ್ಕಿನ ಮೊನೆಯನ್ನು ತನ್ನ ಗಲ್ಲಕ್ಕೆ ಊರಿ, ಕಣ್ಣು ಕೆಳಗೆ ಮಾಡಿ ಓದಲು ಹೋದ. ಕಾಣಲಿಲ್ಲ. ಬೆರಳಿನಿಂದ ತಡವಿ ಅಂದಾಜಿಗೆ ಹೇಳಿದ.

"ಒಂದೂವರೆ ಸಾರ್."

"ಮಿತಿ?"

"ಸೊನ್ನೆ ಸಾರ್."

"ನೋಡಿದ್ರಾ. ಹದಿನೈದು ನಿಮಿಷ ಕೊಡ್ತೀನಿ. ಹೋಗಿ ಬನ್ನಿ."

ಓಡಿದ. ಐವತ್ತೆರಡು ವಯಸ್ಸಿನ ಮನುಷ್ಯ, ಪ್ರಯಾಣಿಕರ ಚೀಲಗಳನ್ನು ಎಡವುತ್ತ, ಅಂಗಡಿಯಲ್ಲಿ ಒಂದು ರೇಜರ್ ಕಸಿದುಕೊಂಡು ಶೌಚಾಲಯಕ್ಕೆ ನುಗ್ಗಿದ. ಕೈತೊಳೆಯುವ ಸೋಪಿನಲ್ಲಿ ನೊರೆ ಬರಲಿಲ್ಲ. ಒಣ ಚರ್ಮದ ಮೇಲೇ ಎಳೆದ. ಪಕ್ಕದ ಕನ್ನಡಿಯಲ್ಲಿ ಯಾರದೋ ಮಗು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಗಲ್ಲದಲ್ಲಿ ಎರಡು ಕಡೆ, ಕಿವಿಯ ಕೆಳಗೆ ಒಂದು ಕಡೆ ಕಿತ್ತು ರಕ್ತ ಬಂತು. ಕಾಗದ ಒತ್ತಿಕೊಂಡು ಮತ್ತೆ ಓಡಿದ.

ಕ್ಯಾಪ್ಟನ್ ವಾಚು ನೋಡಿಕೊಂಡ. "ಹನ್ನೊಂದು ನಿಮಿಷ. ಪರವಾಗಿಲ್ವೇ. ಕಾಲರಿಗೆ ರಕ್ತ ಆಗಿದೆ, ಹೋಗ್ಲಿ ಬಿಡಿ. ಕೂತ್ಕೊಳ್ಳಿ."

ಜೀವ ಬಂದಂತಾಯಿತು. ಮಡಚಿದ ಸೀಟು ಬಿಡಿಸಿ ಕುಳಿತ, ನಾಲ್ಕು ಬೆಲ್ಟನ್ನೂ ಬಿಗಿದುಕೊಂಡ. ಎಷ್ಟು ವರ್ಷ ಈ ಸೀಟಿನ ತಿರುಪು ಬಿಗಿದಿದ್ದನೋ, ಕುಳಿತದ್ದು ಇದೇ ಮೊದಲು. ಕೆಟ್ಟವನಲ್ಲಪ್ಪ ಈ ಮನುಷ್ಯ, ಒಂದಿಷ್ಟು ಆಟ ಆಡಿಸಿದ, ಆಡಿಸಲಿ ಬಿಡು ಅನ್ನಿಸಿತು. ಅಕ್ಕನ ಮಗನಿಗೆ ಫೋನ್ ಹಚ್ಚಿದ.

"ಸಿಕ್ತು ಕಣೋ. ಕೂತಿದೀನಿ. ಎರಡೂವರೆಗೆ ಅಲ್ಲಿರ್ತೀನಿ. ಅಕ್ಕಂಗೆ ಹೇಳು."

ಆ ಕಡೆ ಹುಡುಗ ಫೋನನ್ನು ದೂರ ಹಿಡಿದು ಏನೋ ಹೇಳಿದ. ಅಕ್ಕನ ಧ್ವನಿ, ಸಣ್ಣಗೆ, ಬಾವಿಯೊಳಗಿನಿಂದ ಬಂದಂತೆ.

"ಏನಂತಾಳೆ?"

"ತನ್ನ ತಲೆ ಬಾಚು ಅಂತಿದಾಳೆ," ಎಂದ ಹುಡುಗ. ಆಮೇಲೆ, ಸ್ವಲ್ಪ ತಡೆದು, "ಬನ್ನಿ ಮಾಮ" ಎಂದ. ಮೂರು ವರ್ಷದ ಬಿಗುವು ಆ ಎರಡು ಮಾತಿನಲ್ಲಿ ಕರಗಿತು.

ಫೋನ್ ಜೇಬಿಗೆ ಹೋಗುವವರೆಗೂ ಕ್ಯಾಪ್ಟನ್ ಕಾದಿದ್ದ. ಬೇಕೆಂದೇ ಕಾದಿದ್ದ. ಆಮೇಲೆ ಮುಂದಿನ ಗಾಜು ನೋಡುತ್ತಲೇ ಹೇಳಿದ.

"ಇಳೀರಿ."

"ಸಾರ್?"

"ಸೀಟಿಗೆ ಅಪ್ಪಣೆ ಇಲ್ಲ. ಇಳೀರಿ."

"ಸಾರ್, ಈಗಷ್ಟೇ ಕೂತ್ಕೊಳ್ಳಿ ಅಂದ್ರಲ್ಲ. ಅವಳಿಗೆ ಹೇಳಿಬಿಟ್ಟೆ ಸಾರ್. ತಲೆ ಬಾಚಿಸ್ಕೊಂಡು ಕೂತಿರ್ತಾಳೆ..."

"ಕಾರಣ ಹೇಳಬೇಕಾಗಿಲ್ಲ ಅಂತ ಪುಸ್ತಕದಲ್ಲೇ ಇದೆ. ನೀವು ಪುಸ್ತಕದ ಮನುಷ್ಯರು."

"ಕ್ಯಾಪ್ಟನ್," ಎಂದಳು ಸಹಪೈಲಟ್, ಮೆಲ್ಲಗೆ. ಅವನು ಅವಳತ್ತ ಒಂದು ಸಲ ನೋಡಿದ. ಅವಳು ಕಾಗದದೊಳಗೆ ಮುಖ ಹುದುಗಿಸಿದಳು.

ಮಿಲಿಮೀಟರ್ ಬೆಲ್ಟು ಬಿಚ್ಚಿದ. ಸೀಟು ಮಡಚಿ, ಅದರ ಬೆಲ್ಟುಗಳನ್ನು ಅಭ್ಯಾಸಬಲದಿಂದ ಒಂದರ ಮೇಲೊಂದು ಒಪ್ಪವಾಗಿ ಇಟ್ಟು ಹೊರಗೆ ಬಂದ. ಗಗನಸಖಿಯರು ದಾರಿ ಬಿಟ್ಟರು. ಸೇತುವೆಯ ಪಕ್ಕದ ಕಬ್ಬಿಣದ ಮೆಟ್ಟಿಲಿಳಿದು ನೆಲಕ್ಕೆ ಬಂದಾಗ ಬಿಸಿಲು ಮುಖಕ್ಕೆ ರಾಚಿತು.

ಕೆಳಗೆ ಬೊಜ್ಜಣ್ಣ ಹೆಡ್‌ಸೆಟ್ ಕುತ್ತಿಗೆಗೆ ಹಾಕಿಕೊಂಡು ನಿಂತಿದ್ದ.

"ಏನಯ್ಯಾ, ಇಳಿದುಬಿಟ್ಟೆ? ಕೊಡಲಿಲ್ವಾ ಆ ಪಾಪಿ?" ಉತ್ತರಕ್ಕೆ ಕಾಯಲಿಲ್ಲ. ಅವನಿಗೆ ಅವನದೇ ಅವಸರ. "ನೋಡು, ಪಕ್ಕದ ವಿಮಾನದಲ್ಲಿ ಎಣ್ಣೆ ಸೋರ್ತಿದೆಯಂತೆ, ಕರೀತಿದಾರೆ. ಡ್ಯೂಟಿ ಶೀಟಲ್ಲಿ ಇನ್ನೂ ನಿನ್ನ ಹೆಸರೇ ಇದೆ. ಹೇಗಿದ್ರೂ ಇಲ್ಲೇ ಇದೀಯಲ್ಲ, ಇದನ್ನ ನೀನೇ ಕಳಿಸಿಬಿಡು." ಹೆಡ್‌ಸೆಟ್ ತೆಗೆದು ಇವನ ಕುತ್ತಿಗೆಗೆ ಹಾಕಿ, ಹೊಟ್ಟೆ ಕುಣಿಸುತ್ತ ಹೊರಟೇಹೋದ.

ತನ್ನನ್ನು ಇಳಿಸಿದ ವಿಮಾನವನ್ನು ಈಗ ತಾನೇ ಕಳಿಸಿಕೊಡಬೇಕು. ಮಿಲಿಮೀಟರ್ ನೇರ ಟೈರುಗಳ ಬಳಿ ಹೋದ. ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಅಂಗೈಯಿಂದ ಸವರಿದ. ಸೀಳಿರಲಿ, ಒಂದು ಗೀರಾದರೂ ಇರಲಿ ಎಂದು ಬಾಯಿಬಿಟ್ಟೇ ಬೇಡಿಕೊಂಡ. ಇರಲಿಲ್ಲ. ಎಲ್ಲ ಹೊಸವು. ಇಲ್ಲದಿದ್ದರೇನು, ಇದೆ ಅಂತ ಬರೆದರೆ ಕೇಳುವವರು ಯಾರು? ಅವತ್ತೂ ಬರೆದದ್ದು ಹಾಗೆಯೇ ಅಲ್ಲವೇ?

ಈ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಅವತ್ತು ಗೇಜು ತೋರಿಸಿದ್ದು ಎರಡೂಮುಕ್ಕಾಲು. ಮಿತಿಯೊಳಗೇ ಇತ್ತು. ಆದರೆ ಅಷ್ಟರಲ್ಲಿ ಮೀಸೆ ಕ್ಯಾಪ್ಟನ್ ಕೆಳಗಿಳಿದು ಬಂದು, ಹತ್ತು ಜನರ ಎದುರಿಗೆ ಚಿಟಿಕೆ ಹೊಡೆದು, "ಏಯ್, ಬೇಗ ಸಹಿ ಹಾಕು," ಅಂದಿದ್ದ. ನಾಯಿಯನ್ನು ಕರೆಯುವಂಥ ಚಿಟಿಕೆ. ಇವನ ಪೆನ್ನು ಮೂರೂಕಾಲು ಬರೆಯಿತು. ಆ ಕ್ಯಾಪ್ಟನ್ ಆಮೇಲೆ ನಾಲ್ಕು ಗಂಟೆ ಅಂಗಲಾಚಿದ್ದು ಎಷ್ಟು ಸಿಹಿಯಾಗಿತ್ತು ಎಂಬುದನ್ನೂ ಅವನು ಮರೆತಿರಲಿಲ್ಲ.

ಈಗ ಇನ್ನೊಮ್ಮೆ ಬರೆಯಬಹುದು. ಬರೆದರೆ ಕ್ಯಾಪ್ಟನ್ ಇಲ್ಲೇ ಕೊಳೆಯುತ್ತಾನೆ. ಆದರೆ ಅಕ್ಕನ ಹತ್ತಿರ ಹೋಗುವ ಒಂದೇ ಗಾಡಿಯೂ ಇಲ್ಲೇ ನಿಲ್ಲುತ್ತದೆ. ಇನ್ನೂ ಬಾಗಿಲು ಮುಚ್ಚಿರಲಿಲ್ಲ, ಇನ್ನೂ ಆಸೆ ಸತ್ತಿರಲಿಲ್ಲ. ಎದ್ದು ವಿಮಾನದ ಮೂಗಿನ ಕೆಳಗೆ ಹೋಗಿ ಹೆಡ್‌ಸೆಟ್ಟಿನ ವೈರು ಚುಚ್ಚಿದ.

"ಕೆಳಗಿಂದ ಸಾರ್. ಕೇಳಿಸ್ತಿದೆಯಾ?"

"ಚೆನ್ನಾಗಿ." ಕ್ಯಾಪ್ಟನ್ ಧ್ವನಿ ಕಿವಿಯೊಳಗೇ ಕೂತು ಮಾತಾಡಿದಂತಿತ್ತು. "ಯಾರು, ಮಿಲಿಮೀಟರಾ? ಟೈರೆಲ್ಲ ನೋಡಿದ್ರಾ?"

"ನೋಡಿದೆ. ಎಲ್ಲ ಸರಿ ಇದೆ."

ಕ್ಯಾಪ್ಟನ್ ಆ ಮಾತು ಬಿಟ್ಟು ಬೇರೆ ಕೇಳಿದ.

"ಅವತ್ತು ಎಷ್ಟಿತ್ತು?"

ಯಾವತ್ತು ಎಂದು ಕೇಳಬೇಕಾಗಿರಲಿಲ್ಲ. "ಪುಸ್ತಕದಲ್ಲಿ ಬರೆದಿದೀನಲ್ಲ ಸಾರ್. ಮೂರೂಕಾಲು."

"ಪುಸ್ತಕದಲ್ಲಿ ಇರೋದು ನಂಗೂ ಗೊತ್ತು. ಗೇಜಲ್ಲಿ ಎಷ್ಟಿತ್ತು?" ಬೆಣ್ಣೆಯ ಧ್ವನಿ ಹೋಗಿ ಈಗ ಬರಿಯ ಗಂಟಲು ಉಳಿದಿತ್ತು. "ನಮ್ಮಮ್ಮ ಮೂರೂ ಹತ್ತಕ್ಕೆ ಹೋದ್ಲು. ನಾನು ಐದೂವರೆಗೆ ಇಳಿದೆ. ಎಂಟು ತಿಂಗಳಿಂದ ಇದೊಂದೇ ಯೋಚನೆ ನಂಗೆ. ಬಾಗಿಲು ಮುಚ್ಚೋಕೆ ಇನ್ನೂ ನಾಲ್ಕು ನಿಮಿಷ ಇದೆ. ಸೀಟು ಹಾಗೇ ಇದೆ. ನಿಜ ಹೇಳಿ, ಬಂದು ಕೂತ್ಕೊಳ್ಳಿ. ಇಲ್ಲಿ ಆಡೋ ಮಾತು ರೆಕಾರ್ಡ್ ಆಗುತ್ತೆ, ಅದನ್ನೂ ಮೊದಲೇ ಹೇಳಿದೀನಿ. ಆಮೇಲೆ ಮೋಸ ಅನ್ಬೇಡಿ."

ರೆಕಾರ್ಡ್ ಆದರೆ ಲೈಸೆನ್ಸು ಹೋಗುತ್ತದೆ. ಲೈಸೆನ್ಸು ಹೋದರೆ ಇಪ್ಪತ್ತಾರು ವರ್ಷ ಹೋಗುತ್ತದೆ. ಮಿಲಿಮೀಟರ್ ಎಂಬ ಹೆಸರು ಬೈಗುಳವಾಗುತ್ತದೆ. ಇದೆಲ್ಲ ಅವನ ತಲೆಯಲ್ಲಿ ಬಂದುಹೋಯಿತು. ಆದರೆ ಬಾಚಿದ ತಲೆಯ ಅಕ್ಕ ದಿಂಬಿಗೆ ಒರಗಿ ಬಾಗಿಲ ಕಡೆ ನೋಡುತ್ತ ಕೂತಿದ್ದಾಳೆ. ಒಂದು ಮಾರ್ಕು ಕೇಳಿದ್ದಳು, ಜನ್ಮದಲ್ಲಿ ಒಂದೇ ಸಲ. ಆಗ ಕೊಡಲಿಲ್ಲ.

"ಎರಡೂಮುಕ್ಕಾಲು," ಎಂದ.

"ಕೇಳಿಸ್ಲಿಲ್ಲ. ಪೂರ್ತಿ ಹೇಳಿ."

"ಎರಡೂಮುಕ್ಕಾಲು ಇತ್ತು ಸಾರ್. ಮಿತಿಯೊಳಗೇ ಇತ್ತು. ನೀವು ಚಿಟಿಕೆ ಹೊಡೆದ್ರಿ ಅಂತ ಸಿಟ್ಟಿಗೆ ಸುಳ್ಳು ಬರೆದೆ. ತಪ್ಪಾಯ್ತು. ಕಾಲಿಗೆ ಬೀಳ್ತೀನಿ, ಬರ್ಲಾ ಸಾರ್?"

ನಿಜ ಹೇಳಿಯಾಯಿತು. ಇನ್ನು ಮೇಲೆ ಹತ್ತಿ ಹೋಗಬಹುದು ಎಂದುಕೊಂಡು ವೈರು ಕೀಳಲು ಕೈ ಹಾಕಿದ. ಆಗ ತಲೆಯ ಮೇಲೆ ಧಪ್ ಎಂಬ ಸದ್ದಾಯಿತು. ಇಪ್ಪತ್ತಾರು ವರ್ಷದಿಂದ ಕೇಳಿದ ಸದ್ದು, ವಿಮಾನದ ಬಾಗಿಲು ಮುಚ್ಚಿ ಅಗಳಿ ಬಿದ್ದದ್ದು. ಸೇತುವೆ ಮೆಲ್ಲಗೆ ಹಿಂದೆ ಸರಿಯತೊಡಗಿತು.

"ಸಾರ್! ಬಾಗಿಲು... ಸಾರ್, ಅಕ್ಕ..."

"ಎಲ್ಲರ ಮನೇಲೂ ಒಬ್ಬ ಅಕ್ಕ ಇರ್ತಾಳೆ ಕಣ್ರೀ," ಎಂದ ಕ್ಯಾಪ್ಟನ್. ಅದರಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಅಳುವವರ ಧ್ವನಿಯಂತಿತ್ತು. "ತಳ್ಳೋಕೆ ಹೇಳಿ. ಹೊರಡೋಣ."

ಎಳೆಗಾಡಿ ವಿಮಾನವನ್ನು ಹಿಂದಕ್ಕೆ ತಳ್ಳಿತು. ವೈರು ಕಿವಿಗೂ ವಿಮಾನದ ಮೂಗಿಗೂ ಕಟ್ಟಿದ್ದರಿಂದ ಮಿಲಿಮೀಟರ್ ಹಗ್ಗ ಹಾಕಿದ ಕರುವಿನಂತೆ ಅದರ ಪಕ್ಕದಲ್ಲೇ ನಡೆದ. ಜೇಬಿನಲ್ಲಿ ಫೋನ್ ಒಮ್ಮೆ ನಡುಗಿ ಸುಮ್ಮನಾಯಿತು. ಇಂಧನದ ಗಾಡಿಗಳು ಓಡಾಡುವ ಜಾಗದಲ್ಲಿ ಫೋನ್ ತೆಗೆಯುವಂತಿಲ್ಲ. ತೆಗೆಯಲಿಲ್ಲ.

ಎಳೆಗಾಡಿ ಬಿಟ್ಟು ದೂರ ಸರಿಯಿತು. ಮುಂದಿನ ಚಕ್ರಕ್ಕೆ ಚುಚ್ಚಿದ್ದ ಪಿನ್ನನ್ನು ಈಗ ಮೆಕ್ಯಾನಿಕ್ ಕಿತ್ತು, ಕ್ಯಾಪ್ಟನ್ನನ ಕಣ್ಣಿಗೆ ಬೀಳುವಷ್ಟು ದೂರ ನಡೆದು, ಅದರ ಕೆಂಪು ಪಟ್ಟಿ ಕಾಣುವಂತೆ ಎತ್ತಿ ತೋರಿಸಬೇಕು. ತೋರಿಸದೆ ವಿಮಾನ ಒಂದು ಅಡಿಯೂ ಕದಲುವಂತಿಲ್ಲ. ತೋರಿಸದಿದ್ದರೆ? ಗುಂಡು ಕಿಟಕಿಗಳಲ್ಲಿ ಮುಖಗಳು ಕಾಣುತ್ತಿದ್ದವು. ಅದರಲ್ಲಿ ಯಾರು ಯಾರ ಹಾಸಿಗೆಯ ಪಕ್ಕಕ್ಕೆ ಹೊರಟಿದ್ದಾರೋ. ಅವನು ಪಿನ್ ಕಿತ್ತ, ವೈರು ಬಿಡಿಸಿದ, ದೂರ ನಡೆದು ತಿರುಗಿ ನಿಂತ.

ಕೈ ಎತ್ತಿ ತೋರಿಸಿದ. ಗಾಜಿನ ಹಿಂದೆ ಮೀಸೆ ಕ್ಯಾಪ್ಟನ್ ಅವನನ್ನೇ ನೋಡುತ್ತಿದ್ದ. ನಿಯಮದಂತೆ ಒಂದು ಕೈ ಎತ್ತಿದ. ಅವನ ಬೆನ್ನ ಹಿಂದಿನ ಕತ್ತಲೆಯಲ್ಲಿ ಮೂರನೆಯ ಸೀಟು ಕೆಳಗಿನಿಂದ ಕಾಣುತ್ತಿರಲಿಲ್ಲ. ವಿಮಾನ ತಿರುಗಿತು, ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಗಲ್ಲದ ಗಾಯಗಳು ಚುರುಗುಟ್ಟಿದವು.

ಎಣ್ಣೆಯ ಕೈ ಒರೆಸುತ್ತ ಬೊಜ್ಜಣ್ಣ ವಾಪಸು ಬಂದಾಗ ರನ್‌ವೇ ಖಾಲಿಯಾಗಿತ್ತು. ಮಿಲಿಮೀಟರ್ ಇನ್ನೂ ಅಲ್ಲೇ ನಿಂತಿದ್ದ.

"ಕೈ ಇಳಿಸಯ್ಯಾ," ಎಂದ ಬೊಜ್ಜಣ್ಣ. "ಹೋಯ್ತು ಅದು."

ಅವನು ಇಳಿಸಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದ. ಕೆಂಪು ಪಟ್ಟಿ ಅವನ ತಲೆಗಿಂತ ಒಂದಿಷ್ಟು ಮೇಲೆ ಹಾರಾಡುತ್ತಿತ್ತು. ಜೇಬಿನಲ್ಲಿ ಫೋನ್ ಮತ್ತೆ ನಡುಗತೊಡಗಿತು.